ನಿಮಗಿದು ಗೊತ್ತೇ? ಉರಿಯೊಳಗಿನ ಶಕ್ತಿಯ ಲೆಕ್ಕ

ಸಾಧಾರಣ ದಪ್ಪದ ಮೇಣದಬತ್ತಿ ಗಂಟೆಗೆ ಐದಾರು ಗ್ರಾಂ ಮೇಣ ಸುಡುತ್ತದೆ. ಒಂದು ಗ್ರಾಂ ಮೇಣ ಉರಿದರೆ ಸುಮಾರು 43 ಕಿಲೋಜೌಲ್ ಶಕ್ತಿ ಹೊರಬೀಳುತ್ತದೆ. ಗುಣಿಸಿ ನೋಡಿದರೆ ಹೆಬ್ಬೆರಳಿನಷ್ಟು ಎತ್ತರದ ಆ ಉರಿಯ ಸಾಮರ್ಥ್ಯ 60ರಿಂದ 70 ವ್ಯಾಟ್. ಹಿಂದೆ ಮನೆಮನೆಯಲ್ಲಿದ್ದ 60 ವ್ಯಾಟಿನ ಬಲ್ಬು ಇಡೀ ಕೋಣೆ ಬೆಳಗುತ್ತಿತ್ತು. ಅಷ್ಟೇ ಶಕ್ತಿ ಖರ್ಚು ಮಾಡುವ ಮೇಣದಬತ್ತಿಯ ಬೆಳಕಲ್ಲಿ ಪುಸ್ತಕ ಓದಲು ಕಣ್ಣು ಕಿರಿದು ಮಾಡಬೇಕು. ಮಿಕ್ಕ ಶಕ್ತಿಯೆಲ್ಲ ಎಲ್ಲಿ ಹೋಯಿತು? ಈ ಸಲದ ಅಂಕಣ ಆ ಲೆಕ್ಕದ ಬೆನ್ನು ಹತ್ತಿದೆ.

ಮೊದಲು ಬೆಳಕಿನ ಬಾಬ್ತು. ಒಂದು ಮೇಣದಬತ್ತಿ ಎಲ್ಲ ದಿಕ್ಕಿಗೂ ಸೇರಿ ಕೊಡುವ ಬೆಳಕು ಹನ್ನೆರಡು-ಹದಿಮೂರು ಲ್ಯೂಮೆನ್. ಒಂದೇ ಒಂದು ವ್ಯಾಟ್ ವಿದ್ಯುತ್ತಿನಲ್ಲಿ ಇವತ್ತಿನ ಒಳ್ಳೆಯ ಎಲ್‌ಇಡಿ ಇದರ ಎಂಟು ಪಟ್ಟು ಬೆಳಗುತ್ತದೆ. ಉರಿ ಹೊರಹಾಕುವ ಒಟ್ಟು ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲು ಸಾವಿರಕ್ಕೆ ಒಂದರ ಆಸುಪಾಸು, ಅಷ್ಟೇ. ದೀಪ ಅಂದ ಕೂಡಲೇ ನಮಗೆ ನೆನಪಾಗುವುದು ಬೆಳಕು. ಶಕ್ತಿಯ ಲೆಕ್ಕದಲ್ಲಿ ಮಾತ್ರ ಅದು ತೀರಾ ಸಣ್ಣ ಬಾಬ್ತು.

ಬೆಳಕನ್ನು ಅಳೆಯಲು ಬ್ರಿಟನ್ 1860ರಲ್ಲಿ ಕಾನೂನಿನ ಮೂಲಕವೇ ಒಂದು ಮೇಣದಬತ್ತಿಯನ್ನು ಗೊತ್ತುಮಾಡಿತ್ತು. ತಿಮಿಂಗಿಲದ ತಲೆಯಿಂದ ತೆಗೆದ ಕೊಬ್ಬಿನ ಮೇಣದ ಬತ್ತಿ, ಗಂಟೆಗೆ 120 ಗ್ರೇನ್, ಅಂದರೆ 7.8 ಗ್ರಾಂ ಉರಿಯಬೇಕು. ಇಂದು ಬೆಳಕಿನ ತೀವ್ರತೆಗೆ ಜಗತ್ತೇ ಬಳಸುವ ಕ್ಯಾಂಡೆಲಾ ಮಾನವೂ ಹೆಚ್ಚುಕಡಿಮೆ ಆ ಒಂದು ಬತ್ತಿಯ ಬೆಳಕಿಗೆ ಸಮ.

ಹಾಗಾದರೆ ಬೆಳಕಾಗದೆ ಮಿಕ್ಕ ಶಕ್ತಿ? ಬಹುಪಾಲು ಬಿಸಿ ಗಾಳಿಯಾಗಿ ನೇರ ಮೇಲಕ್ಕೆ ಹೋಗುತ್ತದೆ. ಸುಮಾರು ಐದರಲ್ಲಿ ಒಂದು ಪಾಲು ಕಣ್ಣಿಗೆ ಕಾಣದ ಅವಗೆಂಪು ಕಿರಣವಾಗಿ ಸುತ್ತಲೂ ಹರಡುತ್ತದೆ. ಚಳಿಗಾಲದಲ್ಲಿ ಬೆಂಕಿಯ ಮುಂದೆ ಕೂತಾಗ ಮುಖಕ್ಕೆ ತಾಗುವ ಕಾವು ಇದೇ. ನಿಮಗೂ ಬೆಂಕಿಗೂ ನಡುವೆ ಯಾರಾದರೂ ಹಾದುಹೋದರೆ ಕಾವು ಆ ಕ್ಷಣವೇ ಕಡಿದು, ಅವರು ದಾಟಿದ ಕೂಡಲೇ ಮರಳುತ್ತದೆ. ಬರುವ ಕಾವು ಗಾಳಿಯ ಮೂಲಕ ಬಂದಿದ್ದಲ್ಲ, ಬೆಳಕಿನ ವೇಗದಲ್ಲೇ ಬಂದದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಉರಿಯಲ್ಲಿ ಎರಡು ಬಗೆಯ ಬೆಳಕಿದೆ, ಅವುಗಳ ಹುಟ್ಟು ಪೂರ್ತಿ ಬೇರೆ ಬೇರೆ. ಇದನ್ನು ತಿಳಿದ ಮೇಲೆ ದೀಪ ನೋಡುವ ಕಣ್ಣೇ ಬದಲಾಗುತ್ತದೆ. ಹಳದಿ ಬೆಳಕು ಮಸಿಯದು. ಆಮ್ಲಜನಕ ಸಾಲದೆ ಪೂರ್ತಿ ಸುಡದ ಇಂಗಾಲ ಸೂಕ್ಷ್ಮ ಕಣಗಳಾಗಿ, ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕಾದ ಕಬ್ಬಿಣದ ಹಾಗೆ ಹೊಳೆಯುತ್ತದೆ. ಅದು ಉಷ್ಣವೇ ಬೆಳಕಾದದ್ದು. ಇದನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಗುರುತಿಸಿದವನು ಇಂಗ್ಲೆಂಡಿನ ಹಂಫ್ರಿ ಡೇವಿ. ಬತ್ತಿಯ ಬುಡದ ನೀಲಿ ಹಾಗಲ್ಲ. ಅಣುಗಳು ಒಡೆದು ಹೊಸದಾಗಿ ಕೂಡುವ ಗಡಿಬಿಡಿಯಲ್ಲಿ ಇಂಗಾಲ-ಜಲಜನಕದ, ಇಂಗಾಲ-ಇಂಗಾಲದ ಅಲ್ಪಾಯುಷಿ ಜೋಡಿಗಳು ಹುಟ್ಟುತ್ತವೆ. ಹುಟ್ಟುವಾಗಲೇ ಅವುಗಳಲ್ಲಿ ಹೆಚ್ಚುವರಿ ಶಕ್ತಿ ತುಂಬಿರುತ್ತದೆ. ಅದನ್ನು ಬೆಳಕಾಗಿ ಚೆಲ್ಲಿ ಹಗುರಾಗುತ್ತವೆ. ಮೊದಲ ಜೋಡಿಯ ಬೆಳಕಿನ ತರಂಗಾಂತರ 431 ನ್ಯಾನೋಮೀಟರ್, ಎರಡನೆಯದರ ಪಟ್ಟೆಗಳನ್ನು ಸ್ಕಾಟ್ಲೆಂಡಿನ ವಿಲಿಯಂ ಸ್ವಾನ್ 1857ರಲ್ಲಿ ವಿವರಿಸಿದ. ಇಲ್ಲಿ ರಾಸಾಯನಿಕ ಶಕ್ತಿ ಉಷ್ಣದ ದಾರಿ ಹಿಡಿಯದೆ ನೇರ ಬೆಳಕಾಗುತ್ತದೆ.

ಅಂದರೆ ಗ್ಯಾಸ್ ಒಲೆಯ ನೀಲಿ ಉರಿ ಗ್ಯಾಸು ಚೆನ್ನಾಗಿ ಸುಡುತ್ತಿದೆ ಎಂಬುದರ ಗುರುತು. ಉರಿ ಹಳದಿಗೆ ತಿರುಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರಿನ ಕಿಂಡಿ ಕಟ್ಟಿರಬಹುದು, ಗಾಳಿ ಸಾಲುತ್ತಿಲ್ಲ. ಒಂದು ವಿನಾಯಿತಿ: ಸಾರು ಉಕ್ಕಿ ಚೆಲ್ಲಿದಾಗ ಥಟ್ಟನೆ ಚಿಮ್ಮುವ ಹಳದಿಗೆ ಮಸಿ ಕಾರಣವಲ್ಲ, ಉಪ್ಪಿನ ಸೋಡಿಯಂ. ಅದರ ತರಂಗಾಂತರ 589 ನ್ಯಾನೋಮೀಟರ್. ಇಂಥ ಬಣ್ಣಗಳನ್ನೇ ಹಿಡಿದು ಜರ್ಮನಿಯ ಬುನ್ಸೆನ್ ಮತ್ತು ಕಿರ್ಕಾಫ್ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಎಂಬ ಎರಡು ಹೊಸ ಧಾತುಗಳನ್ನು ಪತ್ತೆಹಚ್ಚಿದರು.

ಶಕ್ತಿ ಎಣ್ಣೆಯಲ್ಲಿ ಅಡಗಿದೆ, ಬೆಂಕಿ ತಾಗಿಸಿದರೆ ಹೊರಬರುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಇದು ಅರ್ಧ ನಿಜ. ಎಣ್ಣೆಯ ಅಣುವಿನ ಬಂಧ ಬಿಡಿಸಿದರೆ ಶಕ್ತಿ ಸಿಗುವುದಿಲ್ಲ, ಬಿಡಿಸಲು ನಾವೇ ಶಕ್ತಿ ತೆರಬೇಕು. ಇಂಗಾಲ-ಜಲಜನಕದ ಒಂದು ಮೋಲ್ ಬಂಧಕ್ಕೆ ಸುಮಾರು 413 ಕಿಲೋಜೌಲ್ ಬೇಕು. ಲಾಭ ಬರುವುದು ಆಮೇಲೆ, ಅದೇ ಇಂಗಾಲ ಮತ್ತು ಜಲಜನಕ ಆಮ್ಲಜನಕದೊಡನೆ ಗಟ್ಟಿಯಾಗಿ ಕೂಡಿ ಇಂಗಾಲದ ಡೈ ಆಕ್ಸೈಡೂ ನೀರೂ ಆದಾಗ. ಈ ವ್ಯವಹಾರದಲ್ಲಿ ನಿಜವಾಗಿ ಸಡಿಲವಾಗಿರುವುದು ಗಾಳಿಯ ಆಮ್ಲಜನಕದ ಜೋಡಿಬಂಧ, ಎರಡೂ ಎಳೆ ಸೇರಿ ಕೇವಲ 498 ಕಿಲೋಜೌಲ್. ಇಂಗಾಲದ ಡೈ ಆಕ್ಸೈಡಿನ ಒಂದೊಂದು ಜೋಡಿಬಂಧವೂ 799. ಸಡಿಲ ಬಂಧ ಕೊಟ್ಟು ಬಿಗಿ ಬಂಧ ಪಡೆದಾಗ ಉಳಿಯುವ ವ್ಯತ್ಯಾಸವೇ ಉರಿಯ ಕಾವು.

ಹಾಗಾಗಿ ಏನನ್ನೇ ಸುಟ್ಟರೂ, ಖರ್ಚಾದ ಆಮ್ಲಜನಕದ ಲೆಕ್ಕದಲ್ಲಿ ಬರುವ ಶಾಖ ಹೆಚ್ಚುಕಡಿಮೆ ಒಂದೇ. ಸೌದೆ, ಸೀಮೆಎಣ್ಣೆ, ಪ್ಲಾಸ್ಟಿಕ್ಕು, ತುಪ್ಪ, ಯಾವುದೇ ಇರಲಿ, ಒಂದು ಗ್ರಾಂ ಆಮ್ಲಜನಕಕ್ಕೆ ಸುಮಾರು 13.1 ಕಿಲೋಜೌಲ್. 1917ರಲ್ಲಿ ಥಾರ್ನ್‌ಟನ್ ಎಂಬ ವಿಜ್ಞಾನಿ ಈ ಹೊಂದಾಣಿಕೆಯನ್ನು ಗಮನಿಸಿದ, 1980ರಲ್ಲಿ ಹ್ಯೂಗೆಟ್ ಎಂಬ ಇನ್ನೊಬ್ಬ ವಿಜ್ಞಾನಿ ಈ ಅಂಕಿಯನ್ನು ನಿಖರಗೊಳಿಸಿದ. ಬೆಂಕಿ ಅನಾಹುತಗಳನ್ನು ಅಧ್ಯಯನ ಮಾಡುವ ಪ್ರಯೋಗಾಲಯಗಳಲ್ಲಿ ಇಡೀ ಸೋಫಾವನ್ನೇ ಹಚ್ಚಿ, ಹೊಗೆಯನ್ನೆಲ್ಲ ದೊಡ್ಡ ಕೊಳವೆಯೊಂದಕ್ಕೆ ಎಳೆದು, ಅದರಲ್ಲಿ ಆಮ್ಲಜನಕ ಎಷ್ಟು ಕಡಿಮೆಯಾಗಿದೆ ಎಂದಷ್ಟೇ ಅಳೆಯುತ್ತಾರೆ. ಸೋಫಾ ಏನೇನರಿಂದ ಮಾಡಿದ್ದು ಎಂಬ ವಿವರ ಬೇಕಿಲ್ಲ. ಬೆಂಕಿಯ ಸಾಮರ್ಥ್ಯ ಎಷ್ಟು ಕಿಲೋವ್ಯಾಟ್ ಎಂದು ಅಷ್ಟರಿಂದಲೇ ಹೇಳಿಬಿಡುತ್ತಾರೆ. ಉರಿಯ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಸರಳವಾದ, ಇಷ್ಟು ಉಪಯೋಗದ ಇನ್ನೊಂದು ಮಾತಿಲ್ಲ.

ಒಂದು ಗ್ರಾಂ ತುಪ್ಪ ಉರಿದರೆ 37 ಕಿಲೋಜೌಲ್. ಒಂದು ಗ್ರಾಂ ಟಿಎನ್‌ಟಿ ಎಂಬ ಸಿಡಿಮದ್ದು ಸಿಡಿದರೆ? ಸುಮಾರು 4.2 ಮಾತ್ರ! ಒಣ ಸೌದೆ ಕೂಡ ಟಿಎನ್‌ಟಿಗಿಂತ ಹೆಚ್ಚು ಶಕ್ತಿವಂತ. ಸಿಡಿಮದ್ದಿನ ಭೀಕರತೆ ಇರುವುದು ವೇಗದಲ್ಲಿ. ಅದು ಗಾಳಿಯ ಆಮ್ಲಜನಕಕ್ಕೆ ಕಾಯುವುದಿಲ್ಲ, ಬೇಕಾದ್ದನ್ನು ಅಣುವಿನೊಳಗೇ ಇಟ್ಟುಕೊಂಡಿರುತ್ತದೆ.

ಮದ್ದಿನ ಉರಿಯನ್ನು ಚಲನಶಕ್ತಿಯಾಗಿಸುವ ಕೆಲಸದಲ್ಲಿ ಮೈಸೂರಿನವರು ಹದಿನೆಂಟನೆಯ ಶತಮಾನದಲ್ಲೇ ಜಗತ್ತಿಗೆ ಮುಂದಿದ್ದರು. ಹೈದರಾಲಿ, ಟಿಪ್ಪು ಸುಲ್ತಾನರ ರಾಕೆಟ್ಟಿಗೆ ಕಾಗದದ ಬದಲು ಕಬ್ಬಿಣದ ಕೊಳವೆ ಇತ್ತು. ಒಳಗೆ ಹೆಚ್ಚು ಒತ್ತಡ ತಾಳಿಕೊಂಡದ್ದರಿಂದ ಅನಿಲ ಹೆಚ್ಚು ವೇಗವಾಗಿ ಚಿಮ್ಮಿತು, ರಾಕೆಟ್ಟು ಹೆಚ್ಚು ದೂರ ಹಾರಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು.

ಬೆಂಕಿಕಡ್ಡಿ ಗೀರುವ ಅರೆ ಸೆಕೆಂಡಿನಲ್ಲಿ ಕೈಯ ಚಲನಶಕ್ತಿ ಉಜ್ಜುವಿಕೆಯಿಂದ ಉಷ್ಣವಾಗುತ್ತದೆ, ಆ ಉಷ್ಣ ಪೆಟ್ಟಿಗೆಯ ಬದಿಯ ಕೆಂಪು ರಂಜಕವನ್ನು ಎಬ್ಬಿಸುತ್ತದೆ, ಅದು ಕಡ್ಡಿಯ ತಲೆಯ ಪೊಟ್ಯಾಸಿಯಂ ಕ್ಲೋರೇಟನ್ನು. ಉಜ್ಜಿ ಹಚ್ಚುವ ಕಡ್ಡಿಯನ್ನು ಇಂಗ್ಲೆಂಡಿನ ಜಾನ್ ವಾಕರ್ 1827ರಲ್ಲಿ ಮಾರಾಟಕ್ಕಿಟ್ಟ. ರಂಜಕವನ್ನು ಕಡ್ಡಿಯಿಂದ ತೆಗೆದು ಪೆಟ್ಟಿಗೆಗೆ ಸಾಗಿಸುವ ಸುರಕ್ಷಿತ ಯೋಚನೆ ಸ್ವೀಡನ್ನಿನ ಗುಸ್ಟಾಫ್ ಎರಿಕ್ ಪಾಷ್‌ನದು, 1844.

ಹಣತೆಯ ಎಣ್ಣೆ ಉರಿಯುವುದಿಲ್ಲ. ಉರಿಯುವುದು ಎಣ್ಣೆಯ ಆವಿ. ಬತ್ತಿಯ ನೂಲೆಳೆಗಳ ನಡುವಿನ ಸಂದುಗಳಲ್ಲಿ ಎಣ್ಣೆ ತಾನಾಗಿ ಮೇಲೇರುತ್ತದೆ. ಇದು ದ್ರವದ ಮೇಲ್ಮೈ ಶಕ್ತಿ ಮಾಡುವ ಕೆಲಸ, ಯಾರೂ ಪಂಪು ಒತ್ತಬೇಕಿಲ್ಲ. ತುದಿ ಮುಟ್ಟಿದ ಎಣ್ಣೆಯನ್ನು ಕಾಯಿಸಿ ಆವಿಯಾಗಿಸುವುದು ಉರಿಯದೇ ಕಾವು. ತನ್ನ ಗಳಿಕೆಯ ಒಂದಂಶವನ್ನು ಹೀಗೆ ಮರಳಿ ಹೂಡುತ್ತಲೇ ದೀಪ ಬದುಕುತ್ತದೆ. ಮೇಣದಬತ್ತಿಯನ್ನು ಆರಿಸಿದೊಡನೆ ಏಳುವ ಬಿಳಿ ಹೊಗೆ ಈ ಆವಿಯೇ, ತಣಿದು ಹನಿಗಟ್ಟಿದ್ದು. ಆ ಹೊಗೆಯ ಎಳೆಗೆ ಕಡ್ಡಿ ಹಿಡಿದರೆ ಬೆಂಕಿ ಎಳೆಗುಂಟ ಇಳಿದು ಬತ್ತಿಯನ್ನು ಮತ್ತೆ ಹಚ್ಚುತ್ತದೆ. ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1860ರ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳಿಗೆ ಇದನ್ನು ತೋರಿಸಿದ್ದ. ಒಂದು ಮೇಣದಬತ್ತಿಯ ಮೇಲೆ ಆರು ಉಪನ್ಯಾಸ! ಅವು 1861ರಲ್ಲಿ ಪುಸ್ತಕವಾದವು, ಇಂದಿಗೂ ಅಚ್ಚಾಗುತ್ತಿವೆ.

ಆ ಸರಣಿಯ ಕೊನೆಗೆ ಫ್ಯಾರಡೆ ಮೇಣದಬತ್ತಿಯನ್ನು ನಮ್ಮ ಉಸಿರಾಟಕ್ಕೆ ಹೋಲಿಸಿದ. ಹೋಲಿಕೆ ಬರೀ ಮಾತಿನದಲ್ಲ. ದಿನಕ್ಕೆ 2,000 ಕಿಲೋಕ್ಯಾಲೊರಿ ಉಣ್ಣುವ ಮನುಷ್ಯನ ಸರಾಸರಿ ಸಾಮರ್ಥ್ಯ 97 ವ್ಯಾಟ್, ಒಂದೂವರೆ ಮೇಣದಬತ್ತಿಯಷ್ಟು. ಅದೇ ಆಮ್ಲಜನಕ ಒಳಕ್ಕೆ, ಅದೇ ನೀರಾವಿ ಮತ್ತು ಇಂಗಾಲದ ಡೈ ಆಕ್ಸೈಡು ಹೊರಕ್ಕೆ. ಇದಕ್ಕೂ ಮುಂಚೆ, 1780ರ ದಶಕದಲ್ಲಿ, ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯೊಳಗೆ ಗಿನಿ ಹಂದಿಯನ್ನಿಟ್ಟು, ಕರಗಿದ ನೀರನ್ನು ಅಳೆದು, ಉಸಿರಾಟವೂ ಒಂದು ನಿಧಾನದ ದಹನ ಎಂಬ ತೀರ್ಮಾನಕ್ಕೆ ಬಂದಿದ್ದರು.

ಉರಿಯೊಳಗೆ ಸಾರಜನಕದ ಅಣುಗಳು ಸೆಕೆಂಡಿಗೆ ಸರಾಸರಿ 1,100 ಮೀಟರ್ ವೇಗದಲ್ಲಿ ಓಡಾಡುತ್ತವೆ. ನಿಮ್ಮ ಕೋಣೆಯ ಗಾಳಿಯಲ್ಲಿ ಅವುಗಳ ವೇಗ ಇದರ ಅರ್ಧಕ್ಕಿಂತ ಕಡಿಮೆ. ಉಷ್ಣ ಎಂದರೆ ಈ ಓಡಾಟವೇ. ಸಾರಜನಕ ತಾನು ಸುಡುವುದಿಲ್ಲ, ಸುಮ್ಮನೆ ಕಾವನ್ನು ಹಂಚಿಕೊಂಡು ಹೋಗುತ್ತದೆ. ಅದನ್ನು ದೂರವಿಟ್ಟರೆ ಏನಾಗುತ್ತದೆ ಎಂಬುದಕ್ಕೆ ವೆಲ್ಡಿಂಗ್ ಅಂಗಡಿ ನೋಡಿ: ಶುದ್ಧ ಆಮ್ಲಜನಕದಲ್ಲಿ ಅಸಿಟಿಲೀನ್ ಉರಿದಾಗ 3,100 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ, ಉಕ್ಕು ನೀರಾಗುತ್ತದೆ.

ಉರಿಯಲ್ಲಿ ವಿದ್ಯುತ್ತು ಹರಿಯುತ್ತದೆ ಎಂದರೆ ನಂಬುತ್ತೀರಾ? ಇಂಧನ ಸುಡುವಾಗ ಕೆಲವೇ ಅಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾಗುತ್ತವೆ. ಅತಿ ಕಡಿಮೆ, ಆದರೂ ಅಳೆಯುವಷ್ಟು. ಕಾರ್ಖಾನೆಯ ಬಾಯ್ಲರುಗಳಲ್ಲಿ ಬೆಂಕಿ ಇದೆಯೋ ಆರಿದೆಯೋ ಎಂದು ತಿಳಿಯಲು ಉರಿಯೊಳಗೆ ಕಡ್ಡಿಯೊಂದನ್ನು ಚಾಚಿ, ಅದರ ಮೂಲಕ ಹರಿಯುವ ಸಣ್ಣ ವಿದ್ಯುತ್ತನ್ನು ಗಮನಿಸುತ್ತಾರೆ. ವಿದ್ಯುತ್ತು ನಿಂತರೆ ಗ್ಯಾಸು ಬಂದ್. ಪ್ರಯೋಗಾಲಯಗಳಲ್ಲಿ ಗಾಳಿಯ ಮಾದರಿಯನ್ನು ಜಲಜನಕದ ಉರಿಗೆ ಊಡಿ, ಹುಟ್ಟುವ ಅಯಾನುಗಳನ್ನು ಎಣಿಸಿ, ಅದರಲ್ಲಿ ಪೆಟ್ರೋಲಿನಂಥ ಸಾವಯವ ಆವಿ ಅತ್ಯಲ್ಪ ಇದ್ದರೂ ಹಿಡಿಯುತ್ತಾರೆ.

ಉರಿ ಆಯಸ್ಕಾಂತಕ್ಕೂ ಓಗೊಡುತ್ತದೆ. ಬಲವಾದ ಆಯಸ್ಕಾಂತದ ಎರಡು ತುದಿಗಳ ನಡುವೆ ಇಟ್ಟ ಜ್ವಾಲೆ ಹೊರಕ್ಕೆ ಸರಿಯುತ್ತದೆ. 1847ರಲ್ಲಿ ಇಟಲಿಯ ಬಂಕಲಾರಿ ಕಂಡದ್ದನ್ನು ಅದೇ ವರ್ಷ ಫ್ಯಾರಡೆ ಪರೀಕ್ಷಿಸಿ ಹೌದೆಂದ. ಸುತ್ತಲಿನ ತಣ್ಣನೆಯ ಗಾಳಿಯ ಆಮ್ಲಜನಕವನ್ನು ಆಯಸ್ಕಾಂತ ಸೆಳೆಯುತ್ತದೆ, ಆ ನೂಕಿಗೆ ಉರಿ ಬದಿಗೆ ಹೋಗುತ್ತದೆ.

ಶಬ್ದಶಕ್ತಿಯ ಪಾಲು ತೀರಾ ಕಿರಿದು. ಅದರ ಕಥೆ ಮಾತ್ರ ದೊಡ್ಡದು. 1850ರ ದಶಕದಲ್ಲಿ ಅಮೆರಿಕದ ಜಾನ್ ಲಿ ಕಾಂಟ್ ಸಂಗೀತ ಕೂಟವೊಂದರಲ್ಲಿ ಕುಳಿತಿದ್ದಾಗ, ಗೋಡೆಯ ಗ್ಯಾಸ್ ದೀಪದ ಉರಿ ಚೆಲ್ಲೊ ವಾದ್ಯದ ಸ್ವರಕ್ಕೆ ತಕ್ಕಂತೆ ಕುಣಿಯುವುದನ್ನು ಕಂಡ. ಶಬ್ದ ಉರಿಯನ್ನು ಅಲುಗಿಸುತ್ತದೆ, ಅಲುಗಿದ ಉರಿ ಏರಿಳಿಯುವ ಕಾವಿನಿಂದ ಮತ್ತೆ ಶಬ್ದ ಹುಟ್ಟಿಸುತ್ತದೆ. ಎರಡೂ ಒಂದಕ್ಕೊಂದು ತಾಳ ಹಾಕಿದರೆ ಅಪಾಯ. ಅಮೆರಿಕದ ಚಂದ್ರಯಾನಕ್ಕೆ ಸಿದ್ಧವಾಗುತ್ತಿದ್ದ ಸ್ಯಾಟರ್ನ್-5 ರಾಕೆಟ್ಟಿನ ಎಫ್-1 ಎಂಜಿನ್ನುಗಳು 1960ರ ದಶಕದ ಆರಂಭದಲ್ಲಿ ಇದೇ ಕಾರಣಕ್ಕೆ ಪರೀಕ್ಷೆಯಲ್ಲೇ ಚಿಂದಿಯಾದವು. ಎಂಜಿನಿಯರುಗಳು ಉರಿಯುತ್ತಿರುವ ಎಂಜಿನ್ನೊಳಗೆ ಪುಟ್ಟ ಬಾಂಬು ಸಿಡಿಸಿ, ಎದ್ದ ಅಲೆ ಎಷ್ಟು ಬೇಗ ಅಡಗುತ್ತದೆ ಎಂದು ನೋಡುತ್ತ, ಇಂಧನ ಚಿಮ್ಮುವ ತಟ್ಟೆಯ ಮೇಲೆ ತಾಮ್ರದ ಅಡ್ಡಗೋಡೆಗಳನ್ನು ಕಟ್ಟಿ ಅದನ್ನು ಪಳಗಿಸಿದರು.

ಮೂರು ಮೇಣದಬತ್ತಿಗಳನ್ನು ಒಟ್ಟಿಗೆ ಕಟ್ಟಿ ಹಚ್ಚಿದರೆ ಉರಿ ಸೆಕೆಂಡಿಗೆ ಸುಮಾರು ಹತ್ತು ಸಲ ಏರಿಳಿಯುತ್ತದೆ. ಇಂಥದೇ ಇನ್ನೊಂದು ಕಟ್ಟನ್ನು ಪಕ್ಕದಲ್ಲೇ ಇಡಿ, ಎರಡೂ ಒಟ್ಟಿಗೆ ಏರುತ್ತವೆ. ಸ್ವಲ್ಪ ದೂರ ಸರಿಸಿ, ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ.

ದೀಪದ ಕುಡಿ ಮೊಗ್ಗಿನಾಕಾರ ತಳೆಯಲು ಕಾರಣ ಗುರುತ್ವ. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಬುಡದಿಂದ ತಾಜಾ ಗಾಳಿ ನುಗ್ಗುತ್ತದೆ. ಕಕ್ಷೆಯಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. 1992ರಲ್ಲಿ ಬಾಹ್ಯಾಕಾಶ ನೌಕೆಯಲ್ಲಿ ಹಚ್ಚಿದ ಮೇಣದಬತ್ತಿಯ ಉರಿ ಗುಂಡಗೆ, ಮಂದ ನೀಲಿಯಾಗಿತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ವಿಚಿತ್ರ. ಹೆಪ್ಟೇನ್ ಎಂಬ ಇಂಧನದ ಹನಿಯ ಸುತ್ತಲಿನ ಉರಿ ಆರಿದ ಮೇಲೂ ಹನಿ ಕುಗ್ಗುತ್ತಲೇ ಹೋಯಿತು. ಕಣ್ಣಿಗೆ ಕಾಣದ ತಣ್ಣನೆಯ ಉರಿಯೊಂದು ಅದನ್ನು ಸುಡುತ್ತಿತ್ತು. ತಣ್ಣನೆಯದೆಂದರೆ 500 ಡಿಗ್ರಿಯ ಆಸುಪಾಸು. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಅಕಾಲದಲ್ಲಿ ಹೊತ್ತಿಕೊಂಡು ಕಟಕಟ ಎನ್ನುವುದರ ಹಿಂದೆಯೂ ಇದೇ ಬಗೆಯ ರಾಸಾಯನಿಕ ಕ್ರಿಯೆ ಇದೆ.

ಮದುವೆಮನೆ, ಜಾತ್ರೆ, ಬಯಲಾಟಗಳಲ್ಲಿ ಬುಸುಗುಟ್ಟುತ್ತಿದ್ದ ಪೆಟ್ರೋಮ್ಯಾಕ್ಸ್ ಅಥವಾ ಗ್ಯಾಸ್‌ಲೈಟನ್ನು ನೆನಪಿಸಿಕೊಳ್ಳಿ. ಅದಕ್ಕೂ ಬುಡ್ಡಿದೀಪಕ್ಕೂ ಇಂಧನ ಒಂದೇ, ಸೀಮೆಎಣ್ಣೆ. ಆದರೂ ಬುಡ್ಡಿಯ ಮಂಕು ಬೆಳಕೆಲ್ಲಿ, ರಂಗಸ್ಥಳ ಪೂರ್ತಿ ತುಂಬುತ್ತಿದ್ದ ಬಿಳಿ ಬೆಳಕೆಲ್ಲಿ! ಗುಟ್ಟು ಇದ್ದದ್ದು ಮ್ಯಾಂಟಲ್ಲಿನಲ್ಲಿ. ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್ ಬಟ್ಟೆಯ ಜಾಲರಿಯನ್ನು ಲವಣಗಳಲ್ಲಿ ಅದ್ದಿ ಸುಟ್ಟು, ಉಳಿದ ಬೂದಿಯ ಜಾಲರಿಯನ್ನೇ ದೀಪವಾಗಿಸಿದ. 1885ರಲ್ಲಿ ಹಕ್ಕುಪತ್ರ ಪಡೆದ. 1891ರ ಹೊತ್ತಿಗೆ ಸರಿಯಾದ ಹದ ಸಿಕ್ಕಿತ್ತು, ನೂರರಲ್ಲಿ 99 ಪಾಲು ಥೋರಿಯಂ ಆಕ್ಸೈಡ್, ಒಂದು ಪಾಲು ಸೀರಿಯಂ ಆಕ್ಸೈಡ್. ಮಸಿಯ ಕಣ ಶಕ್ತಿಯ ಬಹುಪಾಲನ್ನು ಅವಗೆಂಪಾಗಿ ಚೆಲ್ಲಿಬಿಡುತ್ತದೆ. ಈ ಮಿಶ್ರಣ ಅವಗೆಂಪನ್ನು ಬಿಡಲು ಜಿಪುಣ, ಹಾಗಾಗಿ ಜಾಲರಿ ಹೆಚ್ಚು ಕಾಯುತ್ತದೆ, ಸೀರಿಯಂ ಆ ಕಾವನ್ನು ಕಾಣುವ ಬೆಳಕಾಗಿ ಕೊಡುತ್ತದೆ. ನಮ್ಮ ಕರಾವಳಿ, ಮಲೆನಾಡಿನಲ್ಲಿ ದೀವಟಿಗೆಗಳ ಬೆಳಕಿನಲ್ಲಿ ನಡೆಯುತ್ತಿದ್ದ ಯಕ್ಷಗಾನ ಗ್ಯಾಸ್‌ಲೈಟಿಗೆ ಬದಲಾದಾಗ ವೇಷದ ಬಣ್ಣಗಳು ಕಾಣುವ ರೀತಿಯೇ ಬೇರೆಯಾಯಿತು. ಇನ್ನೊಂದು ನಂಟೂ ಇದೆ. ಥೋರಿಯಂ ಸಿಗುವುದು ಮೋನಾಜೈಟ್ ಮರಳಿನಲ್ಲಿ. 1909ರಲ್ಲಿ ಜರ್ಮನಿಯ ಶೋಂಬರ್ಗ್ ಎಂಬ ರಸಾಯನತಜ್ಞ ಆ ಮರಳನ್ನು ಪತ್ತೆಹಚ್ಚಿದ್ದು ತಿರುವಾಂಕೂರಿನ ಕಡಲತೀರದಲ್ಲಿ. ಅಲ್ಲಿಂದ ಅದು ಮ್ಯಾಂಟಲ್ ಕಾರ್ಖಾನೆಗಳಿಗೆ ಹಡಗೇರಿತು.

ಈಗ ಅಡುಗೆಮನೆಗೆ ಬರೋಣ, ಶಕ್ತಿಯ ನಿಜವಾದ ಜಮಾಖರ್ಚು ಅಲ್ಲಿದೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಕ್ತಿಯ ಹೆಚ್ಚಿನ ಪಾಲು ಪಾತ್ರೆಗೆ ತಾಗುವುದೇ ಇಲ್ಲ, ಬದಿಯಿಂದ ಜಾರಿಹೋಗುತ್ತದೆ. ಹೊಗೆಯೇ ಒಂದು ನಷ್ಟ, ಅದರಲ್ಲಿರುವುದು ಸುಡದೆ ಉಳಿದ ಇಂಧನ. ಊದುಗೊಳವೆ ಹಿಡಿದು ಊದುವವರು ಕೊಡುತ್ತಿರುವುದು ಒಲೆಗೆ ಸಾಲದ ಆಮ್ಲಜನಕವನ್ನು, ಪಡೆಯುತ್ತಿರುವುದು ಹೊಗೆಯನ್ನು. ಮನೆಯೊಳಗಿನ ಇಂಥ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಉರಿಯ ವಿಜ್ಞಾನದಲ್ಲಿ ಇದಕ್ಕಿಂತ ತುರ್ತಿನ ವಿಷಯ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರ ಈ ಒಲೆಯನ್ನೇ ಸಂಶೋಧನೆಯ ವಸ್ತುವಾಗಿ ಎತ್ತಿಕೊಂಡಿತು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಯಲ್ಲಿ ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆಕೊಳವೆ. ಮೊದಲ ಪಾತ್ರೆಗೆ ತಾಗಿ ಉಳಿದ ಕಾವು ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಹೊಗೆ ಮಾಡಿನಾಚೆಗೆ.

ಗ್ಯಾಸ್ ಒಲೆಗೆ ಭಾರತೀಯ ಮಾನಕ ಬ್ಯೂರೋ ಗೊತ್ತುಮಾಡಿದ ಕನಿಷ್ಠ ದಕ್ಷತೆ ಶೇಕಡಾ 68. ಮಿಕ್ಕ ಮೂರರಲ್ಲೊಂದು ಪಾಲು ಅಡುಗೆಮನೆಯನ್ನು ಬಿಸಿ ಮಾಡುತ್ತದೆ. ಮನೆಬಳಕೆಯ ಒಂದು ಸಿಲಿಂಡರಿನ 14.2 ಕಿಲೋ ಗ್ಯಾಸಿನಲ್ಲಿ ಇರುವ ಶಕ್ತಿ ಸುಮಾರು 180 ಯೂನಿಟ್ ವಿದ್ಯುತ್ತಿಗೆ ಸಮ.

ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ನಿಮ್ಮ ಒಲೆ ಸುಮಾರು 22 ಲೀಟರ್ ನೀರನ್ನು ಉತ್ಪಾದಿಸಿರುತ್ತದೆ ಎಂಬುದು ಗೊತ್ತೇ? ಗ್ಯಾಸಿನ ಜಲಜನಕ ಗಾಳಿಯ ಆಮ್ಲಜನಕದೊಡನೆ ಕೂಡಿ ಆದ ನೀರು ಅದು, ಆವಿಯಾಗಿ ಹೋಗುತ್ತದೆ. ತಣ್ಣೀರು ತುಂಬಿದ ಪಾತ್ರೆ ಇಟ್ಟ ಮೊದಲ ಕ್ಷಣಗಳಲ್ಲಿ ತಳದ ಹೊರಮೈ ಬೆವರುವುದು ಇದರಿಂದಲೇ. ಈ ಆವಿ ತನ್ನೊಡನೆ ಬಾಷ್ಪೀಭವನದ ಗುಪ್ತೋಷ್ಣವನ್ನೂ ಹೊತ್ತೊಯ್ಯುತ್ತದೆ. ಅದನ್ನು ಮತ್ತೆ ನೀರಾಗಿಸಿ ಆ ಉಷ್ಣವನ್ನೂ ವಸೂಲು ಮಾಡುವ ಬಾಯ್ಲರುಗಳು ಚಳಿದೇಶಗಳ ಮನೆಗಳಲ್ಲಿ ಸಾಮಾನ್ಯ.

ಉರಿದ ಮೇಲೆ ಬಂದ ಅನಿಲಗಳನ್ನೆಲ್ಲ ಹಿಡಿದು ತೂಗಿದರೆ ಗ್ಯಾಸಿನ ತೂಕಕ್ಕೆ ಖರ್ಚಾದ ಆಮ್ಲಜನಕದ ತೂಕ ಕೂಡಿಸಿದಷ್ಟೇ ಬರುತ್ತದೆ ಎಂದು ಲವಾಸಿಯೆ ಕಾಲದಿಂದ ಕಲಿಯುತ್ತ ಬಂದಿದ್ದೇವೆ. ಐನ್‌ಸ್ಟೈನ್ 1905ರಲ್ಲಿ ಕೊಟ್ಟ ಸಮೀಕರಣದ ಪ್ರಕಾರ ಅದರಲ್ಲೂ ಒಂದು ಕೂದಲೆಳೆಯ ವ್ಯತ್ಯಾಸವಿದೆ. ಹೊರಹೋದ ಶಕ್ತಿಗೂ ತೂಕವುಂಟು. ಇಡೀ ಸಿಲಿಂಡರಿನ ಲೆಕ್ಕದಲ್ಲಿ ಅದು ಸುಮಾರು 7 ಮೈಕ್ರೋಗ್ರಾಂ, ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ ಏಳು.

ಸೂರ್ಯನಲ್ಲಿ ಉರಿಯೇ ಇಲ್ಲ. ಅಲ್ಲಿ ಆಮ್ಲಜನಕದ ಕೊಡುಕೊಳ್ಳುವಿಕೆ ನಡೆಯುವುದಿಲ್ಲ, ಜಲಜನಕದ ಪರಮಾಣು ಬೀಜಗಳೇ ಬೆಸೆದು ಹೀಲಿಯಂ ಆಗುತ್ತವೆ. ಸೂರ್ಯ ಅಷ್ಟೂ ಕಲ್ಲಿದ್ದಲಿನ ಗುಡ್ಡೆಯಾಗಿದ್ದಿದ್ದರೆ ಇವತ್ತಿನ ಪ್ರಖರತೆಯಲ್ಲಿ ಐದು ಸಾವಿರ ವರ್ಷದ ಆಸುಪಾಸಿನಲ್ಲಿ ಮುಗಿದುಹೋಗುತ್ತಿತ್ತು. ಅವನಿಗೆ ಈಗ 460 ಕೋಟಿ ವರ್ಷ. ಬೆಳಕಾಗಿ ಸುರಿಯುವ ಶಕ್ತಿಯ ಲೆಕ್ಕದಲ್ಲಿ ಅವನು ಪ್ರತಿ ಸೆಕೆಂಡಿಗೆ ಕಳೆದುಕೊಳ್ಳುತ್ತಿರುವ ದ್ರವ್ಯರಾಶಿ ಸುಮಾರು 42 ಲಕ್ಷ ಟನ್.